ಬಂದ ಟಪಾಲಿಗೆ ಒಂದು ಗತಿ ಕಾಣಿಸು

ಮಗಳೇ,

ನಿನ್ನ ಫೋನಿನಲ್ಲಿ ಮೇಲ್ ಗುರುತಿನ ಮೂಲೆಗೆ ನಾಲ್ಕಂಕಿಯ ಸಂಖ್ಯೆಯೊಂದು ಕೆಂಪಗೆ ಅಂಟಿಕೊಂಡಿದೆ. ‘ಎಲ್ಲಾ ಕಸ, ಬಿಡಿ ದೊಡ್ಡಪ್ಪ’ ಅನ್ನುತ್ತೀಯ. ಕಸವಾದರೆ ಗುಡಿಸಬೇಕು, ಕಾಗದವಾದರೆ ಎತ್ತಿಡಬೇಕು. ಎರಡೂ ಮಾಡದೆ ಬಿಟ್ಟರೆ ಬೇಕಾದ ದಿನ ಬೇಕಾದ ಕಾಗದ ಕೈಗೆ ಸಿಗುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಬಂದ ಮೇಲ್‌ಗೆ ಅವತ್ತೇ ಒಂದು ಗತಿ ಕಾಣಿಸು. ಆ ಕೆಲಸವನ್ನು ಆಫೀಸಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡು ಫೋನಿನಲ್ಲಿ ಮಾಡಬೇಡ, ಬ್ರೌಸರ್ ತೆರೆದು ಕೂತು ಮಾಡು.

‘ಗಣಿ ಆಫೀಸಿನಲ್ಲಿ ಟಪಾಲು ನೋಡಿಕೊಂಡಿದ್ದ ಮುದುಕನಿಗೆ ಇದೆಲ್ಲ ಏನು ಗೊತ್ತು’ ಅಂದುಕೊಂಡೀಯ. ಹೊಸ ಯಂತ್ರ ಅಂದರೆ ಈ ಊರು ಯಾವತ್ತೂ ಹೆದರಿದ್ದಲ್ಲ ಕಣಮ್ಮ. ಶಿವನಸಮುದ್ರದ ಕರೆಂಟು 1902ರಲ್ಲಿ ಹರಿದು ಬಂದದ್ದು ನಮ್ಮ ಕೆಜಿಎಫ್ ಗಣಿಗೆ. ಬೆಂಗಳೂರು ಪೇಟೆಯ ಬೀದಿ ದೀಪ ಹತ್ತಿದ್ದು 1905ರಲ್ಲಿ. ನಮ್ಮವರು ಹೆದರಿದ್ದು ಯಂತ್ರಕ್ಕಲ್ಲ, ಕಾಗದಕ್ಕೆ. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತಲ್ಲ, ಆಮೇಲೆ ಜನ ಅಲೆದದ್ದೆಲ್ಲ ಕಾಗದದ ಹಿಂದೆ. ಸರ್ವಿಸ್ ಸರ್ಟಿಫಿಕೇಟು, ಪಿಎಫ್ ಚೀಟಿ, ಕ್ವಾರ್ಟರ್ಸ್ ಕಾಗದ, ಆಸ್ಪತ್ರೆಯ ಎಕ್ಸ್‌ರೇ. ಇದ್ದವನು ಕೌಂಟರಿನ ಮುಂದೆ ನಿಂತು ದನಿ ಎತ್ತಿ ಮಾತಾಡಿದ. ಇಲ್ಲದವನಿಗೆ ‘ನಾಳೆ ಬಾ’. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು ಕಲ್ಲು ಕೊರೆದ ಮನುಷ್ಯ ಒಂದು ಕಾಗದ ಇಲ್ಲದ್ದಕ್ಕೆ ತಲೆ ತಗ್ಗಿಸಿ ವಾಪಸು ಬರುವುದನ್ನು ನೋಡಿದವನು ನಾನು. ನಿನ್ನ ಕಾಲದಲ್ಲಿ ಆ ಕಾಗದಗಳೆಲ್ಲ ಮೇಲ್‌ಗೇ ಬರುತ್ತವೆ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಮೊದಲು ವಿಳಾಸ ಯಾರದು ಅಂತ ನೋಡು. ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ನಮ್ಮ ಮಕ್ಕಳು ಸೈಬರ್ ಸೆಂಟರ್‌ಗೆ ಹೋಗಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿಸುತ್ತಾರೆ. ಅರ್ಜಿ ಮೇಲ್ ಐಡಿ ಕೇಳುತ್ತದೆ. ‘ಇಲ್ಲಣ್ಣ’ ಅಂದರೆ ಸೆಂಟರಿನ ಹುಡುಗ ಅಲ್ಲೇ ಒಂದು ಹುಟ್ಟಿಸಿಬಿಡುತ್ತಾನೆ. ಪಾಸ್‌ವರ್ಡ್ ಅವನ ನೋಟ್‌ಬುಕ್ಕಿನಲ್ಲಿ, ರಿಕವರಿಗೆ ಕೊಟ್ಟ ನಂಬರೂ ಅವನದೇ. ಅವನೇನೂ ಕೆಟ್ಟವನಲ್ಲ, ಕ್ಯೂ ಬೇಗ ಕರಗಲಿ ಅಂತ ಮಾಡುತ್ತಾನೆ. ಅರ್ಜಿಯೇನೋ ಹೋಗುತ್ತದೆ. ಕೆಲವು ತಿಂಗಳಾದ ಮೇಲೆ ‘ದಾಖಲೆ ಹೊಂದುತ್ತಿಲ್ಲ, ಇಷ್ಟರೊಳಗೆ ತಿದ್ದಿ ಕಳಿಸಿ’ ಅಂತ ಉತ್ತರ ಬಂದರೆ, ಅದು ಹೋಗಿ ಬೀಳುವುದು ಯಾರೂ ತೆರೆಯದ ಆ ಪೆಟ್ಟಿಗೆಗೆ. ಗಣಿ ಕಾರ್ಮಿಕರ ನಮ್ಮ ಲೈನು ಮನೆಗಳಲ್ಲಿ ಇಂಥ ದಿಕ್ಕಿಲ್ಲದ ವಿಳಾಸ ಬೇಕಾದಷ್ಟಿವೆ. ನಿನ್ನ ತಮ್ಮನದು, ನಿಮ್ಮಮ್ಮನದು, ತಾತನದು, ಯಾರ ಯಾರ ಹೆಸರಿನಲ್ಲಿ ಯಾವ ಐಡಿ ಇದೆ ಅಂತ ಒಂದು ಸಲ ಪಟ್ಟಿ ಮಾಡು. ಪಾಸ್‌ವರ್ಡ್ ಬದಲಾಯಿಸು, ರಿಕವರಿ ನಂಬರಿಗೆ ಮನೆಯ ನಂಬರು ಹಾಕು, ಎರಡು ಹಂತದ ಪರಿಶೀಲನೆ ಆನ್ ಮಾಡು.

ಆಫೀಸಿನವರು ಕೊಟ್ಟ ಮೇಲ್ ನಿನ್ನದಲ್ಲ, ಅದೂ ನೆನಪಿರಲಿ. ವೈಟ್‌ಫೀಲ್ಡಿನ ಕಂಪನಿ ಇವತ್ತು ನಿನಗೆ ವಿಳಾಸ ಕೊಡುತ್ತದೆ, ಕೆಲಸ ಬಿಟ್ಟ ದಿನ ಅದನ್ನು ಮುಚ್ಚುತ್ತದೆ. ಬ್ಯಾಂಕು, ಪಿಎಫ್, ವಿಮೆ, ಮನೆ ಬಾಡಿಗೆ ಇವಕ್ಕೆಲ್ಲ ನಿನ್ನ ಸ್ವಂತ ವಿಳಾಸವನ್ನೇ ಕೊಡು. ಬ್ರೌಸರ್‌ನಲ್ಲಿ ತೆರೆಯುವ ಮೇಲ್ ಹುಟ್ಟಿದ್ದರ ಹಿಂದೆಯೂ ಇದೇ ಕಥೆ ಇದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಅವನ ಜೊತೆಗಾರ ಜಾಕ್ ಸ್ಮಿತ್, ಇಬ್ಬರೂ ಅಮೆರಿಕದಲ್ಲಿ ಒಂದೇ ಕಂಪನಿಯಲ್ಲಿ ಕೆಲಸದಲ್ಲಿದ್ದರು. ತಮ್ಮದೇ ಕಂಪನಿ ಕಟ್ಟುವ ಮಾತನ್ನು ಆಫೀಸಿನ ಮೇಲ್‌ನಲ್ಲಿ ಆಡಿದರೆ ಮಾಲೀಕರ ಕಣ್ಣಿಗೆ ಬೀಳುತ್ತದೆ ಅನ್ನುವ ಅಂಜಿಕೆ. ಸ್ವಂತ ಮೇಲ್ ತೆರೆಯೋಣ ಅಂದರೆ ಆಫೀಸಿನ ನೆಟ್‌ವರ್ಕ್ ಬಿಡದು. ಹಾಗಾದರೆ ಮೇಲ್ ಅನ್ನೇ ಬ್ರೌಸರ್‌ನೊಳಗೆ ತಂದರೆ ಹೇಗೆ ಅಂತ ಹೊಳೆದದ್ದು ಅಲ್ಲಿ. 1996ರ ಜುಲೈ 4ಕ್ಕೆ ಹಾಟ್‌ಮೇಲ್ ಶುರುವಾಯಿತು; ಮಾರನೆಯ ವರ್ಷವೇ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಮಾಲೀಕನ ಮೇಜಿನಿಂದ ತಮ್ಮ ಕಾಗದ ಬಿಡಿಸಿಕೊಳ್ಳಬೇಕು ಅಂದವರು ಮಾಡಿದ ವಸ್ತು ಇದು. ನೀನು ಅದನ್ನು ಹಾಗೇ ಬಳಸು.

ವಿಳಾಸದ ಹೆಸರಿನ ಬಗ್ಗೆಯೂ ಒಂದು ಮಾತು. ‘ಕೆಜಿಎಫ್’ ಸಿನಿಮಾ ಬಂದ ಮೇಲೆ ನಮ್ಮ ಹುಡುಗರಲ್ಲಿ ಎಷ್ಟು ಜನ ‘ರಾಕಿಭಾಯ್’ ಸೇರಿಸಿ ಐಡಿ ಮಾಡಿಕೊಂಡಿದ್ದಾರೋ ದೇವರೇ ಬಲ್ಲ. ಗೆಳೆಯರಿಗೆ ಚೆಂದ, ಇಂಟರ್‌ವ್ಯೂಗೆ ಕರೆಯುವವರಿಗೆ ನಗೆ. ನಿನ್ನ ತಮ್ಮನಿಗೆ ಹೇಳು: ಹೆಸರು, ಇನಿಷಿಯಲ್, ಬೇಕಾದರೆ ಒಂದು ಅಂಕಿ, ಸಾಕು. ಇನಿಷಿಯಲ್ ವಿಷಯ ಈ ಊರಿನಲ್ಲಿ ಹಗುರವಲ್ಲ. ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತಿರುವ ಊರಿದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಿಎಫ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಮೇಲ್ ಕಳಿಸುವಾಗ ಕಾಣುವ ಹೆಸರು ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ.

ಈಗ ಬ್ರೌಸರ್ ಯಾಕೆ ಅನ್ನುವುದಕ್ಕೆ ಬರೋಣ. ಫೋನು ಓದುವುದಕ್ಕೆ ಸರಿ, ಅಚ್ಚುಕಟ್ಟು ಮಾಡುವುದಕ್ಕಲ್ಲ. ಜಿಮೇಲ್‌ನಲ್ಲಿ ಫಿಲ್ಟರ್ ಕಟ್ಟಬೇಕಾದರೆ ಬ್ರೌಸರ್‌ನಲ್ಲೇ ಕಟ್ಟಬೇಕು, ಫೋನಿನ ಆ್ಯಪ್‌ನಲ್ಲಿ ಆ ಅನುಕೂಲ ಇಲ್ಲ. ನೂರಾರು ಮೇಲ್ ಒಟ್ಟಿಗೆ ಟಿಕ್ ಮಾಡಿ ಅಳಿಸುವುದು, ಎಡಗಡೆ ಲೇಬಲ್, ಬಲಗಡೆ ಕಾಗದ ಇಟ್ಟುಕೊಂಡು ಹೊಂದಿಸುವುದು ದೊಡ್ಡ ಪರದೆಯಲ್ಲೇ ಸಲೀಸು. ಇನ್ನೊಂದು, ಕಾಗದ ಇರುವುದು ನಿನ್ನ ಯಂತ್ರದಲ್ಲಿ ಅಲ್ಲ. ಫೋನು ಬಂಗಾರಪೇಟೆ ಜಂಕ್ಷನ್ನಿನ ನೂಕುನುಗ್ಗಲಲ್ಲಿ ಬಿದ್ದುಹೋದರೂ ಊರಿಗಾಂ ಕಾಲೇಜಿನ ಲ್ಯಾಬಿನಲ್ಲೋ ಪಕ್ಕದ ಮನೆಯ ಲ್ಯಾಪ್‌ಟಾಪಿನಲ್ಲೋ ಕೂತರೆ ನಿನ್ನ ಟಪಾಲು ಅಲ್ಲೇ ಇರುತ್ತದೆ. ದಾರಿಯಲ್ಲಿ ನೆಟ್‌ವರ್ಕ್ ಕೈ ಕೊಡುತ್ತದೆ ಅನ್ನುವುದಾದರೆ, ನಿನ್ನ ಸ್ವಂತ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ಆಫ್‌ಲೈನ್ ಆನ್ ಮಾಡು. ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಸೀಟು ಸಿಕ್ಕ ದಿನ ಟೇಕಲ್ ದಾಟುವುದರೊಳಗೆ ಉತ್ತರ ಬರೆದಿಡಬಹುದು. ನೆಟ್ ಸಿಕ್ಕಾಗ ತಾನೇ ಹೋಗುತ್ತದೆ.

ಅಚ್ಚುಕಟ್ಟು ಅಂದರೆ ಏನು ಅಂತ ನಮ್ಮ ಟಪಾಲು ಸೆಕ್ಷನ್ನಿನ ಲೆಕ್ಕದಲ್ಲಿ ಹೇಳುತ್ತೇನೆ. ಬೆಳಗಿನ ಕಟ್ಟು ಬಿಚ್ಚಿ, ಪ್ರತಿ ಕಾಗದಕ್ಕೆ ತಾರೀಖಿನ ಮೊಹರು ಒತ್ತಿ, ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರು ಏರಿಸಿ, ಆಯಾ ಸೆಕ್ಷನ್ನಿಗೆ ಕಳಿಸುತ್ತಿದ್ದೆವು. ಸಂಜೆ ಮೇಜಿನ ಮೇಲೆ ಉಳಿದದ್ದು ಅಂದರೆ ಕೆಲಸ ಬಾಕಿ ಇರುವ ಕಾಗದ ಮಾತ್ರ. ಇನ್‌ಬಾಕ್ಸೂ ಮೇಜೇ, ಬೀರು ಅಲ್ಲ. ಮುಗಿದ ಕಾಗದ ಮೇಜಿನ ಮೇಲೆ ಇರಬಾರದು.

ಹಾಗಾಗಿ ತೆರೆದ ಪ್ರತಿ ಮೇಲ್‌ಗೂ ನಾಲ್ಕರಲ್ಲಿ ಒಂದು ಗತಿ. ಎರಡು ಮೂರು ನಿಮಿಷದಲ್ಲಿ ಮುಗಿಯುವ ಉತ್ತರವಾದರೆ ಅಲ್ಲೇ ಬರೆದು ಕಳಿಸು. ಇವತ್ತು ಆಗದು, ಇಂಥ ದಿನಕ್ಕೆ ಬೇಕು ಅನ್ನುವುದಾದರೆ ಸ್ನೂಜ್ ಒತ್ತಿ ಆ ತಾರೀಖು ಕೊಡು. ಅಲ್ಲಿಯವರೆಗೆ ಕಣ್ಣಿಗೆ ಬೀಳದೆ, ಆ ದಿನ ಮತ್ತೆ ಮೇಲಕ್ಕೆ ಬಂದು ನಿಲ್ಲುತ್ತದೆ. ಕೆಲಸ ಮುಗಿದಿದೆ, ಆದರೆ ಕಾಗದ ಬೇಕು ಅನ್ನುವುದಾದರೆ ಲೇಬಲ್ ಹಚ್ಚಿ ಆರ್ಕೈವ್ ಮಾಡು. ಆರ್ಕೈವ್ ಅಂದರೆ ಅಳಿಸುವುದಲ್ಲ, ಮೇಜಿನಿಂದ ಎತ್ತಿಡುವುದು, ಹುಡುಕಿದರೆ ಸಿಗುತ್ತದೆ. ನಾಲ್ಕನೆಯದು ಕಸ. ಅಳಿಸುವುದರ ಜೊತೆಗೆ ಕಳಿಸಿದವರ ಹೆಸರಿನ ಪಕ್ಕದಲ್ಲಿ ಅನ್‌ಸಬ್‌ಸ್ಕ್ರೈಬ್ ಕಂಡರೆ ಅದನ್ನೂ ಒತ್ತು. ಇದು ನೀನು ಹಿಂದೆಂದೋ ವ್ಯವಹಾರ ಮಾಡಿದ ಅಂಗಡಿ, ಬಸ್ಸು, ಸೀರೆ ಕಂಪನಿಗಳ ಮಾತು. ಮುಖಪರಿಚಯವೇ ಇಲ್ಲದ ಮೇಲ್‌ನಲ್ಲಿ ಏನನ್ನೂ ಒತ್ತಬೇಡ, ಸ್ಪ್ಯಾಮ್‌ಗೆ ತಳ್ಳು. ಅಳಿಸಿದ್ದು ಬಿನ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಯಿತು. ಸ್ಪ್ಯಾಮ್‌ನದ್ದೂ ಅಷ್ಟೇ ಅವಧಿ. ವಾರಕ್ಕೊಂದು ಸಲ ಸ್ಪ್ಯಾಮ್ ಪೆಟ್ಟಿಗೆಗೂ ಇಣುಕು. ಇಂಟರ್‌ವ್ಯೂ ಪತ್ರ ಅಲ್ಲಿ ಹೋಗಿ ಕೂತಿರುವುದುಂಟು.

ಲೇಬಲ್ ಜಾಸ್ತಿ ಮಾಡಬೇಡ. ನಲವತ್ತು ಲೇಬಲ್ ಮಾಡಿದವನು ಯಾವುದು ಎಲ್ಲಿ ಅಂತ ತಿಳಿಯದೆ ಮತ್ತೆ ಇನ್‌ಬಾಕ್ಸಿಗೇ ಬರುತ್ತಾನೆ. ‘ಕೆಲಸ’, ‘ಬ್ಯಾಂಕು-ತೆರಿಗೆ’, ‘ಓದು-ಅಂಕಪಟ್ಟಿ’, ‘ಮನೆ’, ‘ತಾತನ ಪಿಂಚಣಿ’. ಇಷ್ಟರಲ್ಲಿ ನಿನ್ನ ಸಂಸಾರ ಅಡಗುತ್ತದೆ. ಕನ್ನಡದಲ್ಲೇ ಹೆಸರಿಡು, ಜಿಮೇಲ್ ತಕರಾರು ಮಾಡುವುದಿಲ್ಲ. ಪದೇ ಪದೇ ಬರುವ ಕಾಗದಕ್ಕೆ ಫಿಲ್ಟರ್ ಕಟ್ಟು. ಮೇಲಿನ ಹುಡುಕು ಪಟ್ಟಿಯ ಬಲತುದಿಯಲ್ಲಿ ಗೆರೆಗಳಿರುವ ಪುಟ್ಟ ಗುರುತಿದೆ. ಒತ್ತಿದರೆ ಒಂದು ನಮೂನೆ ತೆರೆದುಕೊಳ್ಳುತ್ತದೆ. ಯಾರಿಂದ, ವಿಷಯ ಏನು, ಯಾವ ಪದ ಇರಬೇಕು, ಅಟ್ಯಾಚ್‌ಮೆಂಟ್ ಇದೆಯೋ ಇಲ್ಲವೋ. ತುಂಬಿಸಿ, ಕೆಳಗಿನ ‘ಕ್ರಿಯೇಟ್ ಫಿಲ್ಟರ್’ ಒತ್ತಿ, ಯಾವ ಲೇಬಲ್ ಅಂತ ಹೇಳಿ, ‘ಇನ್‌ಬಾಕ್ಸ್ ತಪ್ಪಿಸು’ ಅನ್ನುವುದಕ್ಕೂ ಟಿಕ್ ಹಾಕಿಬಿಡು. ಬ್ಯಾಂಕಿನ ಸ್ಟೇಟ್‌ಮೆಂಟು ಇನ್ನು ಮೇಲೆ ತಾನಾಗಿ ತನ್ನ ಕಪಾಟಿಗೆ ಹೋಗುತ್ತದೆ. ರೈಲು ಟಿಕೆಟ್ಟಿಗೂ ಹೀಗೇ ಮಾಡು. ಕೆಲಸದ ಅರ್ಜಿಗೆ ಬರುವ ಉತ್ತರಗಳಿಗೆ ಮಾತ್ರ ‘ಇನ್‌ಬಾಕ್ಸ್ ತಪ್ಪಿಸು’ ಅನ್ನುವುದನ್ನು ಹಾಕಬೇಡ. ಅವು ಕಣ್ಣೆದುರೇ ಇರಲಿ. ಹಳೆಯ ಕಾಗದ ಹುಡುಕುವುದಕ್ಕೂ ಅದೇ ನಮೂನೆ. ಅಂಕಪಟ್ಟಿ ಯಾವತ್ತು ಬಂತು ನೆನಪಿಲ್ಲವೇ? ಕಾಲೇಜಿನ ಹೆಸರು ಹಾಕಿ, ಅಟ್ಯಾಚ್‌ಮೆಂಟ್ ಇರುವಂಥದ್ದು ಅಂತ ಟಿಕ್ ಮಾಡು.

ಬರೆಯುವ ಮೇಲ್ ಬಗ್ಗೆ. ನಾವು ಶಾಲೆಯಲ್ಲಿ ಕಲಿತ ಪತ್ರದ ನಮೂನೆಯನ್ನು ಬಿಡಬೇಡ: ಇವರಿಂದ, ಇವರಿಗೆ, ವಿಷಯ, ಉಲ್ಲೇಖ. ಮೊದಲ ಎರಡನ್ನು ಯಂತ್ರವೇ ತುಂಬುತ್ತದೆ, ಉಳಿದೆರಡು ನಿನ್ನ ಕೆಲಸ. ವಿಷಯದ ಜಾಗ ಖಾಲಿ ಬಿಟ್ಟು, ಇಲ್ಲ ‘ಹಾಯ್ ಸರ್’ ಅಂತ ಬರೆದು ಕಳಿಸಿದರೆ ಆ ಕಡೆಯ ಗುಮಾಸ್ತ ಅದನ್ನು ಯಾವ ಕಡತಕ್ಕೆ ಸೇರಿಸಬೇಕು? ‘ವಿದ್ಯಾರ್ಥಿವೇತನ ಅರ್ಜಿ ಸಂಖ್ಯೆ ಇಂಥದ್ದು, ಅಂಕಪಟ್ಟಿ ತಿದ್ದುಪಡಿ, ಹೆಸರು’ ಅಂತ ಇದ್ದರೆ ಅವನಿಗೂ ಸುಲಭ, ಆರು ತಿಂಗಳ ಮೇಲೆ ಹುಡುಕುವ ನಿನಗೂ ಸುಲಭ. ಎರಡನೆಯ ಸಲ ಬರೆಯುವಾಗ ಹೊಸ ಮೇಲ್ ಶುರು ಮಾಡಬೇಡ. ಹಳೆಯದಕ್ಕೇ ರಿಪ್ಲೈ ಕೊಡು; ಯಾವತ್ತು ಏನು ಕೇಳಿದೆ, ಅವರು ಏನು ಹೇಳಿದರು, ಪೂರಾ ಉಲ್ಲೇಖ ಕೆಳಗೇ ಇರುತ್ತದೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ‘ಆಗುತ್ತಮ್ಮ, ಹೋಗು’ ಅಂದರೂ, ಮನೆಗೆ ಬಂದು ‘ಇವತ್ತು ತಮ್ಮ ಕಚೇರಿಗೆ ಬಂದಾಗ ಹೀಗೆ ತಿಳಿಸಿದಿರಿ’ ಅಂತ ಎರಡು ಸಾಲು ಮೇಲ್ ಹಾಕು. ಕಳಿಸಿದ ತಾರೀಖು ನಿನ್ನ ಕೈಯಲ್ಲಿ ಉಳಿಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಸೆಂಡ್’ ಅನ್ನುವುದನ್ನು 30 ಸೆಕೆಂಡಿಗೆ ಏರಿಸಿಡು. ಅಟ್ಯಾಚ್‌ಮೆಂಟ್ ಮರೆತದ್ದು, ಸಿಟ್ಟಿನಲ್ಲಿ ಬರೆದದ್ದು, ಎರಡೂ ಹೊಳೆಯುವುದು ಕಳಿಸಿದ ಮರುಕ್ಷಣವೇ. ಅಟ್ಯಾಚ್‌ಮೆಂಟ್‌ಗಳ ಒಟ್ಟು ತೂಕ 25 ಎಂಬಿ ದಾಟುವ ಹಾಗಿಲ್ಲ. ಫೈಲಿನ ಹೆಸರು ಸ್ಕ್ಯಾನ್ ಮಾಡಿದ ಯಂತ್ರ ಕೊಟ್ಟ ಅಂಕಿಯಾಗಿ ಇರದೆ, ಏನು, ಯಾರದು ಅಂತ ಓದಿದರೆ ತಿಳಿಯುವಂತಿರಲಿ.

ಈಗ ನಿಮ್ಮ ತಾತನ ವಿಚಾರ. ಇಪಿಎಫ್‌ಒ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ಚಾಲ್ತಿ. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಚಿಕ್ಕ ದುಡ್ಡು ಅನ್ನಬೇಡ, ಅವರ ಮಾತ್ರೆ ಬರುವುದು ಅದರಲ್ಲೇ. ಆ ಪ್ರಮಾಣಪತ್ರಕ್ಕೆ ಬೆರಳಚ್ಚು ಕೊಡೋಣ ಅಂದರೆ, ಡ್ರಿಲ್ ಹಿಡಿದು ಹಿಡಿದು ಅವರ ಬೆರಳಿನ ಗೆರೆ ಸವೆದುಹೋಗಿದೆ. ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ, ಒರೆಸಿ, ಮತ್ತೆ ಒತ್ತಿದರೂ ಕೆಂಪು ದೀಪವೇ. 2021ರಿಂದ ಮುಖ ತೋರಿಸಿಯೂ ಜೀವನ್ ಪ್ರಮಾಣ್, ಅಂದರೆ ಡಿಜಿಟಲ್ ಜೀವಂತ ಪ್ರಮಾಣಪತ್ರ, ಕೊಡಬಹುದು, ನಿನ್ನ ಫೋನಿನಲ್ಲೇ ಆಗುತ್ತದೆ. ಮುಗಿದ ಕೂಡಲೇ ಬರುವ ಪ್ರಮಾಣ್ ಐಡಿಯನ್ನು ಅವರ ವಿಳಾಸಕ್ಕೆ ನೀನೇ ಒಂದು ಮೇಲ್ ಮಾಡು. ವಿಷಯ: ‘ತಾತನ ಜೀವಂತ ಪ್ರಮಾಣಪತ್ರ, ಕೊಟ್ಟ ದಿನ ಇಂಥದ್ದು’. ‘ತಾತನ ಪಿಂಚಣಿ’ ಲೇಬಲ್ ಹಚ್ಚು, ಹನ್ನೊಂದು ತಿಂಗಳ ಮುಂದಿನ ತಾರೀಖಿಗೆ ಸ್ನೂಜ್ ಮಾಡು. ಮುಂದಿನ ವರ್ಷ ಯಾರೂ ನೆನಪಿಸದಿದ್ದರೂ ಆ ಮೇಲ್ ತಾನೇ ಎದ್ದು ಬರುತ್ತದೆ, ಕೈಯಲ್ಲಿ ಒಂದು ತಿಂಗಳು ಬಿಡುವೂ ಇರುತ್ತದೆ. ಅವರ ಹಳೆಯ ಸರ್ವಿಸ್ ಸರ್ಟಿಫಿಕೇಟು, ಪಿಂಚಣಿ ಆದೇಶದ ಕಾಗದ (ಪಿಪಿಒ), ಆಸ್ಪತ್ರೆಯ ಚೀಟಿಗಳನ್ನೂ ಸ್ಕ್ಯಾನ್ ಮಾಡಿ ಅದೇ ಲೇಬಲ್ಲಿಗೆ ಸೇರಿಸು. ಮೂಲ ಕಾಗದ ಮಾತ್ರ ಟ್ರಂಕಿನಿಂದ ಆಚೆ ಹಾಕಬೇಡ. ಸ್ಕ್ಯಾನು ನೆರಳಾಗುತ್ತದೆ, ದಾಖಲೆಯಾಗುವುದಿಲ್ಲ.

ಮೋಸದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಗಣಿ ಮುಚ್ಚಿದ ಊರಿನಲ್ಲಿ ‘ಕೆಲಸ ಸಿಕ್ಕಿತು’ ಅನ್ನುವ ಮೇಲ್‌ಗೆ ಇರುವಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲ. ಅದು ಮೋಸಗಾರರಿಗೂ ಗೊತ್ತು. ದೊಡ್ಡ ಕಂಪನಿಯ ಲಾಂಛನ, ಆಫರ್ ಲೆಟರು, ಕೊನೆಯಲ್ಲಿ ‘ಲ್ಯಾಪ್‌ಟಾಪಿಗೆ ಡಿಪಾಸಿಟ್ ಕಟ್ಟಿ’. ಕೆಲಸ ಕೊಡುವವನು ದುಡ್ಡು ಕೇಳುವುದಿಲ್ಲ, ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಕಳಿಸಿದವರ ಹೆಸರಷ್ಟೇ ಕಾಣುತ್ತದೆ, ಹೆಸರು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬ್ರೌಸರ್‌ನಲ್ಲಿ ಮೇಲ್ ತೆರೆದರೆ ಹೆಸರಿನ ಪಕ್ಕದಲ್ಲೇ ಪೂರ್ತಿ ವಿಳಾಸ ಕಾಣುತ್ತದೆ. ಲಿಂಕಿನ ಮೇಲೆ ಮೌಸ್ ಇಟ್ಟರೆ, ಒತ್ತದೇನೇ, ಅದು ಎಲ್ಲಿಗೆ ಹೋಗುತ್ತದೆ ಅಂತ ಪರದೆಯ ಕೆಳಗಡೆ ಮೂಡುತ್ತದೆ. ಓದಿ ನೋಡು, ಆಮೇಲೆ ಒತ್ತು.

ಬೇರೆಯವರ ಕಂಪ್ಯೂಟರಿನಲ್ಲಿ ತೆರೆಯಬೇಕಾಗಿ ಬಂದರೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆ. ‘ಪಾಸ್‌ವರ್ಡ್ ಉಳಿಸಲೇ’ ಅಂತ ಕೇಳಿದರೆ ಬೇಡ ಅನ್ನು. ಪ್ರಿಂಟಿಗೆ ಅಂತ ಇಳಿಸಿದ ಆಧಾರ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತದೆ, ಅದನ್ನು ಅಳಿಸಿ, ರೀಸೈಕಲ್ ಬಿನ್ ಸಹ ಖಾಲಿ ಮಾಡಿ ಏಳು. ಸೈನ್ ಔಟ್ ಮಾಡಿದೆನೋ ಇಲ್ಲವೋ ಅಂತ ರೈಲಿನಲ್ಲಿ ಕೂತು ಅನುಮಾನ ಬಂದರೆ ಗಾಬರಿ ಬೇಡ. ಮನೆಗೆ ಬಂದು ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಇನ್‌ಬಾಕ್ಸಿನ ಕೆಳಗೆ ಬಲಮೂಲೆಗೆ ಇಳಿ; ಸಣ್ಣಕ್ಷರದಲ್ಲಿ ‘ಡೀಟೇಲ್ಸ್’ ಅಂತಿದೆ. ಎಲ್ಲೆಲ್ಲಿ ತೆರೆದಿದೆ ಅಂತ ಅದು ತೋರಿಸುತ್ತದೆ, ಮಿಕ್ಕ ಕಡೆಯೆಲ್ಲ ಒಂದೇ ಸಲಕ್ಕೆ ಸೈನ್ ಔಟ್ ಮಾಡುವ ಗುಂಡಿಯೂ ಅಲ್ಲಿದೆ.

ಒಂದು ಎಚ್ಚರ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗ ಕೊಡುತ್ತೇವೆ ಅಂದಾಗ ಜನ ಅದನ್ನು ಏಪ್ರಿಲ್ ಫೂಲ್ ತಮಾಷೆ ಅಂದುಕೊಂಡಿದ್ದರಂತೆ. ಈಗ ಬಿಟ್ಟಿ ಜಾಗ 15 ಜಿಬಿ, ಅದೂ ಫೋಟೊ, ಡ್ರೈವ್ ಎಲ್ಲ ಸೇರಿ. ತುಂಬಿ ತುಳುಕಿದರೆ ಬರುವ ಮೇಲ್ ನಿಂತುಹೋಗುತ್ತದೆ. ಎರಡು ವರ್ಷ ತೆರೆಯದ ಖಾತೆಯನ್ನು ಅಳಿಸಬಹುದು ಅಂತ ಗೂಗಲ್ ನಿಯಮವನ್ನೂ ಮಾಡಿ, 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತಾತನ ಖಾತೆಯನ್ನು ಆಗಾಗ ತೆರೆಯುತ್ತಿರು. ತೀರಾ ಮುಖ್ಯವಾದ ನಾಲ್ಕೈದು ಕಾಗದವನ್ನು ಪೆನ್ ಡ್ರೈವಿಗೂ ಹಾಕಿಡು, ಒಂದೊಂದು ಪ್ರಿಂಟೂ ತೆಗೆದಿಡು. ನೂರು ವರ್ಷಕ್ಕೂ ಮೇಲೆ ನಡೆದ ಗಣಿಯೇ ಒಂದು ದಿನ ಬಾಗಿಲು ಹಾಕಿತು. ಬಿಟ್ಟಿ ಜಾಗ ಕೊಟ್ಟ ಕಂಪನಿಯ ಮಾತನ್ನು ಪೂರ್ತಿ ನಂಬಿ ಕೂರುವ ದಡ್ಡತನ ಈ ಊರಿನವರಿಗೆ ಇರಬಾರದು.

ದಿನಕ್ಕೆ ಎರಡು ಹೊತ್ತು ಮೇಲ್ ನೋಡು, ಸಾಕು. ಬೆಳಿಗ್ಗೆ ಆಫೀಸಿನಲ್ಲಿ ಕೂತ ಮೇಲೆ, ರಾತ್ರಿ ಊಟಕ್ಕೆ ಮುಂಚೆ. ಗಳಿಗೆಗೊಮ್ಮೆ ಟಿಣ್ ಅನ್ನುವುದನ್ನು ಬಂದ್ ಮಾಡು. ಹಳೆಯ ಸಾವಿರಾರು ಮೇಲ್‌ಗಳನ್ನು ಒಂದೊಂದಾಗಿ ಗುಡಿಸುತ್ತಾ ಕೂರಬೇಡ, ಅದಕ್ಕೆ ಆಯಸ್ಸು ಸಾಲದು; ಒಂದು ವರ್ಷಕ್ಕಿಂತ ಹಳೆಯದೆಲ್ಲವನ್ನೂ ಒಟ್ಟಿಗೆ ಆರ್ಕೈವ್ ಮಾಡಿ ಇವತ್ತಿನಿಂದ ಲೆಕ್ಕ ಶುರು ಮಾಡು.

ಇಷ್ಟನ್ನೂ ಒಂದೇ ದಿನ ಮಾಡು ಅನ್ನುವುದಿಲ್ಲ. ಈ ಭಾನುವಾರ ಒಂದೇ ಕೆಲಸ: ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಮೇಲ್ ತೆರೆ. ಪಾಸ್‌ವರ್ಡ್ ಸೈಬರ್ ಸೆಂಟರಿನ ಹುಡುಗನ ಹತ್ತಿರ ಇದೆ ಅನ್ನುವುದಾದರೆ ಬೆಳಿಗ್ಗೆಯೇ ಹೋಗಿ ಕೇಳಿ ತಗೋ. ಭಾನುವಾರ ಮಧ್ಯಾಹ್ನದ ಮೇಲೆ ಅವನು ಅಂಗಡಿ ತೆರೆಯುವುದಿಲ್ಲ.